ಗಿಣ್ಣು ಹಂಚುವಾಗ ನೆನಪಾದವರು

ಮೊನ್ನೆ ನಮ್ಮ ಕಡಸು ಕರು ಹಾಕಿತು. ಹೆಣ್ಣುಗರು, ಹಣೆಯ ಮೇಲೆ ಬಿಳಿ ಚುಕ್ಕೆ, ಥೇಟ್ ಅದರ ಅಜ್ಜಿಯ ಹಾಗೇ. ಮೂರು ದಿನದಿಂದ ಮನೆಯಲ್ಲಿ ಗಿಣ್ಣೋ ಗಿಣ್ಣು. ಅವ್ವ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಕೇರಿಗೆಲ್ಲ ಹಂಚಿದಳು. ಕೊನೆಗೆ ಒಂದು ಸ್ಟೀಲ್ ಡಬ್ಬಿ ಎತ್ತಿಟ್ಟು, "ಇದು ಆ ಬೈಕಿನ ಹುಡುಗನಿಗೆ" ಎಂದಳು. ಎರಡು ವರ್ಷ ಆಯ್ತು, ನಾವು ಅವನಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ ಅಲ್ವಾ ಅಂತ ಆಗ ಹೊಳೆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೈಕಿನ ಹುಡುಗ ಅಂದರೆ ವೈಲ್ಡ್ ಸೇವೆಯವನು. ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರು 2015ರಲ್ಲಿ ಶುರು ಮಾಡಿದ ಕೆಲಸ. ಬಂಡೀಪುರ, ನಾಗರಹೊಳೆ ಸುತ್ತಲಿನ ಊರುಗಳಲ್ಲಿ ಆನೆ ಬೆಳೆ ತಿಂದರೆ, ಹುಲಿ ಚಿರತೆ ದನ ಹಿಡಿದರೆ ಒಂದು ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದರೆ ಸಾಕು. ಅವರೇ ಹೊಲಕ್ಕೆ ಬಂದು ಫೋಟೋ ತೆಗೆದು, ಅಳತೆ ಹಿಡಿದು, ಪರಿಹಾರದ ಅರ್ಜಿ ತುಂಬಿಸಿ ಅರಣ್ಯ ಇಲಾಖೆಗೆ ಮುಟ್ಟಿಸುತ್ತಾರೆ. ದುಡ್ಡು ಕೊಡುವುದು ಸರ್ಕಾರವೇ. ಇವರು ಕೊಡುವುದೂ ಇಲ್ಲ, ನಮ್ಮಿಂದ ತಗೊಳ್ಳುವುದೂ ಇಲ್ಲ. ದುಡ್ಡು ತಡವಾದರೆ ನಮ್ಮೂರಲ್ಲಿ ಕೆಲವರು ಇವರ ಮೇಲೇ ಜಗಳಕ್ಕೆ ಹೋಗುತ್ತಾರೆ, ಪಾಪ.

ನಮ್ಮದು ಸರಗೂರು ಕಡೆ. ಹೊಲ ದಾಟಿದರೆ ಆನೆ ಕಂದಕ, ಕಂದಕ ದಾಟಿದರೆ ಕಾಡು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿದಾಗ ಅಪ್ಪನಿಗೆ ಹತ್ತು ವರ್ಷ. ಅಂದರೆ ಅಪ್ಪನ ಮಟ್ಟಿಗೆ ಹುಲಿ ಏನೂ ಹೊಸದಲ್ಲ. 2022ರ ಎಣಿಕೆಯಲ್ಲಿ ಕರ್ನಾಟಕದಲ್ಲಿ 563 ಹುಲಿ ಅಂತ ಪೇಪರಿನಲ್ಲಿ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಸರಿ, ಅವಕ್ಕೆಲ್ಲ ಊಟ?"

ಪರಿಹಾರದ ಅರ್ಜಿಯೂ ಅಪ್ಪನಿಗೆ ಹೊಸದಲ್ಲ. ಹಿಂದೊಮ್ಮೆ ಕೊಯ್ಲಿಗೆ ವಾರ ಇರುವಾಗ ಆನೆಗಳು ಒಂದೇ ರಾತ್ರಿಯಲ್ಲಿ ರಾಗಿ ಮುಗಿಸಿದ್ದವು. ಆಗ ಒಂದು ಕಚೇರಿಗೆ ಐದು ಸಲ ಅಲೆದರು. ಪಹಣಿ ಇದ್ದರೆ ಆಧಾರ್ ಜೆರಾಕ್ಸ್ ಇಲ್ಲ, ಅದು ಇದ್ದರೆ ಪಾಸ್‌ಬುಕ್ಕಿನಲ್ಲಿ ಹೆಸರು ಬೇರೆ ಥರ ಇದೆ, ನಾಳೆ ಬನ್ನಿ. ಬಸ್ ಚಾರ್ಜು, ಒಂದು ದಿನದ ಕೂಲಿ, ಎಲ್ಲ ಲೆಕ್ಕ ಹಾಕಿ ಐದನೇ ಸಲ ಅರ್ಜಿಯನ್ನು ಬಸ್‌ಸ್ಟಾಪಿನಲ್ಲೇ ಹರಿದು ಬಂದರು. ಆಮೇಲೆ ಆನೆ ಬಂದರೆ ಪಟಾಕಿ, ಬೈಗುಳ, ಅಷ್ಟೇ.

ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಮೇಯಲು ಹೋದ ಹಸು ಸಂಜೆ ವಾಪಸ್ ಬರಲಿಲ್ಲ. ಬೆಳಿಗ್ಗೆ ಲಂಟಾನ ಪೊದೆಯ ಹಿಂದೆ ಸಿಕ್ಕಿತು. ತೊಡೆಯ ಕಡೆ ತಿಂದಿತ್ತು, ಕೊರಳಿನ ಗಂಟೆ ಹಾಗೇ ಇತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಸೀದಾ ಮನೆಗೆ ಬಂದು ಅಟ್ಟದಿಂದ ಬೆಳೆಗೆ ಹೊಡೆಯುವ ಔಷಧಿಯ ಡಬ್ಬ ಇಳಿಸಿದರು. ಯಾಕೆ ಅಂತ ಕಾಡಂಚಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಲಿ ತಾನು ಕೊಂದಿದ್ದನ್ನು ತಿನ್ನಲು ರಾತ್ರಿ ಮತ್ತೆ ಬರುತ್ತದೆ, ಆಗ ವಿಷ ತಿಂದು ಸಾಯಲಿ ಅಂತ.

ಫೋನ್ ಮಾಡಿದ್ದು ಪಕ್ಕದ ಮನೆಯ ಅಕ್ಕ. ಅವರ ಮಗಳು ವೈಲ್ಡ್ ಶಾಲೆಯ ಪಾಠ ಕೇಳಿ ಬಂದವಳು, ಅದೂ ಆ ಬೆಂಗಳೂರಿನ ಸೆಂಟರ್‌ನವರದ್ದೇ, ಶಾಲೆ ಮಕ್ಕಳಿಗೆ ಕಾಡು ಪ್ರಾಣಿಗಳ ಬಗ್ಗೆ ಹೇಳಿಕೊಡುವುದು. ನಂಬರ್ ಅವಳ ಹತ್ತಿರ ಇತ್ತು. ಮಧ್ಯಾಹ್ನದೊಳಗೆ ಹುಡುಗ ಬಂದ, ಮಳೆಯಲ್ಲಿ ಪೂರ್ತಿ ನೆನೆದಿದ್ದ. ಅಪ್ಪ ಮುಖ ಕೊಟ್ಟು ಮಾತಾಡಲಿಲ್ಲ. "ನೀನು ಹುಲಿ ಕಡೆಯವನೋ, ನಮ್ಮ ಕಡೆಯವನೋ?" ಎಂದರು. ಅವನು ಅದಕ್ಕೆ ಉತ್ತರ ಕೊಡದೆ, "ಪಹಣಿ ಎಲ್ಲಿಟ್ಟಿದ್ದೀರಿ ಅಣ್ಣ?" ಅಂತ ಕೇಳಿದ. ಹಸುವನ್ನು ಮುಟ್ಟಬೇಡಿ, ಎಳೆಯಬೇಡಿ, ಇಲಾಖೆಯವರೂ ಪಶುವೈದ್ಯರೂ ನೋಡಿದ ಮೇಲೆ ಮುಂದಿನದು ಎಂದ. ಕೆಸರಿನಲ್ಲಿ ಕೂತು ಹೆಜ್ಜೆ ಗುರುತಿನ ಪಕ್ಕ ಟೇಪ್ ಇಟ್ಟು ಫೋಟೋ ತೆಗೆದ. ಆಮೇಲೆ ನಮ್ಮ ಜಗಲಿಯಲ್ಲಿ ಕೂತು, ಹನಿ ಬೀಳದ ಹಾಗೆ ಟವೆಲ್ ಅಡ್ಡ ಹಿಡಿದು, ಅರ್ಜಿ ತುಂಬಿದ. ಪಾಸ್‌ಬುಕ್ಕಿನ ಹೆಸರಿನ ತಕರಾರು ಇತ್ತಲ್ಲ, ಅದನ್ನೂ ಸರಿ ಮಾಡಿಸಿಕೊಟ್ಟ. ಹೊರಡುವಾಗ ಬಾಗಿಲ ಹತ್ತಿರ ಇದ್ದ ಡಬ್ಬ ಅವನ ಕಣ್ಣಿಗೆ ಬಿತ್ತು. ಏನೂ ಕೇಳಲಿಲ್ಲ. "ನಾಳೆ ಮತ್ತೆ ಬರ್ತೀನಿ ಅಣ್ಣ" ಎಂದ, ಬಂದ. ಅದರ ಮಾರನೇ ದಿನವೂ ಬಂದ. ಅಷ್ಟರಲ್ಲಿ ಅಪ್ಪನ ಸಿಟ್ಟು ಇಳಿದಿತ್ತು, ಡಬ್ಬ ಅಟ್ಟಕ್ಕೆ ಹೋಗಿತ್ತು.

ಪರಿಹಾರ ಬರಲು ತಿಂಗಳುಗಳೇ ಹಿಡಿದವು. ಹಸುವಿನ ಬೆಲೆಯಷ್ಟು ಬರಲಿಲ್ಲ ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಬಂತು. ಅದರಲ್ಲಿ ಕೊಟ್ಟಿಗೆಗೆ ಗಟ್ಟಿ ಬಾಗಿಲು, ಸುತ್ತ ಜಾಲರಿ ಹಾಕಿಸಿದೆವು, ಆ ಹಸುವಿನ ಕರುವಾದ ಈ ಕಡಸನ್ನು ಮಾರದೆ ಉಳಿಸಿಕೊಂಡೆವು.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿ, ಐದೂ ಸತ್ತು ಬಿದ್ದವು. ಸತ್ತ ಹಸುವಿಗೆ ಹಾಕಿದ ವಿಷ. ಆ ದಿನ ಟಿವಿ ಮುಂದೆ ಅಪ್ಪ ತಟ್ಟೆ ಹಿಡಿದುಕೊಂಡೇ ಕೂತಿದ್ದರು, ಊಟ ಸೇರಲಿಲ್ಲ. ರಾತ್ರಿ ಆ ಡಬ್ಬ ತೆಗೆದುಕೊಂಡು ಹೋಗಿ ಔಷಧಿ ಅಂಗಡಿಗೇ ವಾಪಸ್ ಕೊಟ್ಟು ಬಂದರಂತೆ. ನಮಗೆ ಗೊತ್ತಾಗಿದ್ದು ವಾರದ ಮೇಲೆ, ಅಂಗಡಿಯವನು ಹೇಳಿದಾಗ.

ಹಾಗಾಗಿ ಥ್ಯಾಂಕ್ಸ್. ಫೋನ್ ಎತ್ತುವವರಿಗೆ, ಮಳೆಯಲ್ಲಿ ಬೈಕ್ ಓಡಿಸುವವರಿಗೆ, ಆ ಕೆಲಸಕ್ಕೆ ಎಲ್ಲೋ ಕೂತು ಐನೂರೋ ಸಾವಿರವೋ ಅಂತ ಕಳಿಸುವವರಿಗೆ. ನೀವು ಹುಲಿ ಉಳಿಯಲಿ ಅಂತ ಕಳಿಸಿರುತ್ತೀರಿ, ಅದು ನಮ್ಮಪ್ಪನ ಪಾಸ್‌ಬುಕ್ಕಿನ ಸ್ಪೆಲ್ಲಿಂಗ್ ತಿದ್ದಲು ಖರ್ಚಾಗಿದೆ, ಬೇಜಾರಾಗಬೇಡಿ. ಬಂದು ನೋಡಿ ಸಹಿ ಹಾಕಿದ ಡಾಕ್ಟರಿಗೆ, ಎರಡು ರಾತ್ರಿ ಹಸುವಿನ ಹತ್ತಿರ ಯಾರೂ ಸುಳಿಯದಂತೆ ಕಾದ ವಾಚರ್‌ಗಳಿಗೆ ಕೂಡ. ಪಕ್ಕದ ಮನೆ ಅಕ್ಕನಿಗೆ ಗಿಣ್ಣು ಎರಡು ಬಟ್ಟಲು ಹೋಗಿದೆ, ಅವರದ್ದು ಚುಕ್ತಾ.

ಹುಡುಗ ಈಗ ಗುಂಡ್ಲುಪೇಟೆ ಕಡೆ ಕೆಲಸದಲ್ಲಿದ್ದಾನಂತೆ. ಗಿಣ್ಣಿನ ಡಬ್ಬಿ ಫ್ರಿಜ್‌ನಲ್ಲಿದೆ. ಭಾನುವಾರದೊಳಗೆ ಬಾ ಮಾರಾಯ, ಆಮೇಲೆ ನಾನು ಜವಾಬ್ದಾರನಲ್ಲ.