ಬ್ಯಾಚಿಗೆ ಮೊದಲು, ಬ್ಯಾಚಿನ ನಂತರ: ಮಗಳಿಗೊಂದು ಪತ್ರ

ಉಡುಪಿ

ಚಿ. ಸೌ. ವಿದ್ಯಾಳಿಗೆ ಅಮ್ಮನ ಆಶೀರ್ವಾದಗಳು.

ಬ್ರಹ್ಮಾವರದಲ್ಲಿ 30 ಮಂದಿ ಗೃಹಿಣಿಯರಿಗೆ ಮೂರು ತಿಂಗಳ ಹೊಲಿಗೆ ಮತ್ತು ರೋಗಿ ಆರೈಕೆ ತರಬೇತಿ ಕೊಡುವ ನಿನ್ನ ಯೋಜನೆ ಓದಿದೆ. ಪಾಠದ ಪಟ್ಟಿ ಅಚ್ಚುಕಟ್ಟಾಗಿದೆ. ಆದರೆ ಅದರಲ್ಲಿ ಪಾಠ ಬಿಟ್ಟು ಬೇರೇನೂ ಇಲ್ಲ, ನನ್ನ ಚಿಂತೆ ಅದೇ. ಹದಿನೈದು ಇಪ್ಪತ್ತು ವರ್ಷ ಮನೆ ನಡೆಸಿದವಳು ತರಬೇತಿ ಬಿಡುವುದು ಪಾಠ ತಲೆಗೆ ಹತ್ತದೆ ಅಲ್ಲ. ಬಸ್ಸು, ಅತ್ತೆಯ ಮಧ್ಯಾಹ್ನದ ಊಟ, ಮಗುವಿನ ಶಾಲೆ ಬಿಡುವ ಹೊತ್ತು, ಆಧಾರ್ ಕಾರ್ಡಿನ ಒಂದು ತಪ್ಪಕ್ಷರ, ಇವುಗಳಲ್ಲಿ ಒಂದು ಎಡವಟ್ಟಾದರೂ ಎರಡನೇ ವಾರಕ್ಕೆ ಅವಳ ಕುರ್ಚಿ ಖಾಲಿ. ಪಾಠಕ್ಕೆ ಮೊದಲಿನ ಒಂದು ತಿಂಗಳನ್ನೂ ಪಾಠ ಮುಗಿದ ಮೇಲಿನ ಆರು ತಿಂಗಳನ್ನೂ ನೀನು ತರಬೇತಿಯೆಂದೇ ಲೆಕ್ಕ ಹಾಕಬೇಕು.

ಮೊದಲು ತಾರೀಕು. ನೀನು ಜೂನ್ ಎಂದು ಬರೆದಿದ್ದೀ. ಬೇಡ. ಆಗ ಶಾಲೆ ಶುರುವಾಗಿ ಮನೆಯ ಕ್ರಮವೇ ಬದಲಾಗಿರುತ್ತದೆ, ಗದ್ದೆ ಇದ್ದವರಿಗೆ ನಾಟಿ, ಮಳೆಗೆ ಬಸ್ಸು ತಪ್ಪಿದರೆ ಅರ್ಧ ದಿನ ಹೋಯಿತು. ದೀಪಾವಳಿ ಕಳೆದು ನವೆಂಬರ್ ಮಧ್ಯಕ್ಕೆ ಶುರುಮಾಡಿದರೆ ಫೆಬ್ರವರಿ ಮಧ್ಯಕ್ಕೆ ಮುಗಿಯುತ್ತದೆ, ಮಕ್ಕಳ ಪರೀಕ್ಷೆಯೂ ಅಡ್ಡ ಬರುವುದಿಲ್ಲ. ಹೊಲಿಗೆ ಕಲಿತವರಿಗೆ ಏಪ್ರಿಲ್-ಮೇ ಮದುವೆಯ ರವಕೆಗಳು, ಅದರ ಬೆನ್ನಿಗೇ ಶಾಲೆಯ ಯೂನಿಫಾರ್ಮು, ಹೀಗೆ ಕೈ ಪಳಗುವಾಗಲೇ ಕೆಲಸ ಸಿಗುತ್ತದೆ. ಆ ಅವಧಿಯಲ್ಲಿ ಕೋಲ, ನೇಮ, ಜಾತ್ರೆ ಇರುತ್ತವೆ. ಯಾರ ಊರಿನದು ಯಾವಾಗ ಎಂದು ಮೊದಲ ದಿನವೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡು. ಹೇಳದೆ ಹಾಕಿದ ರಜೆ ಒಂದು ವಾರಕ್ಕೆ ಎಳೆಯುತ್ತದೆ, ಮೊದಲೇ ಹೇಳಿದ ರಜೆ ಒಂದು ದಿನಕ್ಕೆ ಮುಗಿಯುತ್ತದೆ.

ಹೊತ್ತು ಬೆಳಿಗ್ಗೆ 10ರಿಂದ 1.30 ಇರಲಿ. 9ಕ್ಕೆ ಕರೆದರೆ ಮನೆಯ ಅಡುಗೆ ಮುಗಿಸದೆ ಓಡಿ ಬರುತ್ತಾರೆ, ಸಂಜೆ 4ರ ತನಕ ಇಟ್ಟುಕೊಂಡರೆ ಮಗು ಶಾಲೆಯಿಂದ ಬಂದು ಬೀಗ ಹಾಕಿದ ಬಾಗಿಲ ಮುಂದೆ ಕೂರುತ್ತದೆ. ಕೊನೆಯ ಮೂರು ವಾರ ಮಾತ್ರ ಸಂಜೆ 5ರ ತನಕ ಮಾಡು. ನಾಳೆ ಕೆಲಸಕ್ಕೆ ಸೇರಿದರೆ ಇದೇ ಹೊತ್ತು. ಮನೆಯವರಿಗೆ ಅಭ್ಯಾಸ ಆಗಬೇಕಾದ್ದು ಈ ಮೂರು ವಾರದಲ್ಲೇ.

ಬಸ್ಸಿನ ಲೆಕ್ಕವನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ, ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಒಳದಾರಿಗೆ ಬರುವುದು ಹೆಚ್ಚಾಗಿ ಖಾಸಗಿ ಸರ್ವಿಸ್ ಬಸ್ಸು, ಅಲ್ಲಿ ಟಿಕೆಟಿಗೆ ದುಡ್ಡು ಕೊಡಲೇಬೇಕು. ಒಂದು ಸಲಕ್ಕೆ 25 ರೂಪಾಯಿ ಎಂದು ಹಿಡಿ. ಹೋಗಿ ಬರಲು 50, ತಿಂಗಳಿಗೆ 24 ದಿನಕ್ಕೆ 1200 ರೂಪಾಯಿ. ಸಂಪಾದನೆ ಇಲ್ಲದ ಮೂರು ತಿಂಗಳು ಅದನ್ನು ಗಂಡನ ಹತ್ತಿರ ಕೇಳಿ ತರಬೇಕಾಗುತ್ತದೆ. ಬಸ್ಸಿನ ದುಡ್ಡನ್ನು ವಾರದ ಮೊದಲ ದಿನವೇ ಅವರ ಕೈಗೆ ಕೊಡುವ ವ್ಯವಸ್ಥೆ ಮಾಡು, ಕೊನೆಗೆ ಬಿಲ್ಲು ನೋಡಿ ಕೊಡುವುದಲ್ಲ.

ಇನ್ನು ಕಾಗದಪತ್ರ. ಇಲ್ಲಿಯೇ ಹೆಚ್ಚು ತೊಂದರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು, ಬ್ಯಾಂಕಿನಲ್ಲಿ ಮೂರನೆಯದು. ತರಬೇತಿಯ ಪ್ರಮಾಣಪತ್ರ ಆಧಾರಿನ ಹೆಸರಿನಲ್ಲಿ ಬರುತ್ತದೆ, ಕೆಲಸ ಕೊಡುವವರು ಅಂಕಪಟ್ಟಿ ಕೇಳುತ್ತಾರೆ, ಎರಡೂ ತಾಳೆಯಾಗದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ಮೊಬೈಲ್ ನಂಬರು. ಎಷ್ಟೋ ಮಂದಿಯ ಆಧಾರಿಗೆ ಜೋಡಿಸಿರುವುದು ಗಂಡನ ನಂಬರು, ಗಂಡ ಇರುವುದು ದುಬೈಯಲ್ಲೋ ಮುಂಬೈಯಲ್ಲೋ. ನೋಂದಣಿಗೆ ಒಟಿಪಿ ಬರುವುದು ಅವನ ಫೋನಿಗೆ. ಪಾಠ ಶುರುವಾಗಲು ಒಂದು ತಿಂಗಳು ಇರುವಾಗಲೇ ಎಲ್ಲರನ್ನೂ ಒಂದು ದಿನ ಕರೆಸಿ ಆಧಾರ್, ಅಂಕಪಟ್ಟಿ, ಪಾಸ್‌ಬುಕ್, ಪಾನ್ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡು. ನಂಬರು ಬದಲಾಯಿಸಲು ಅವರೇ ಖುದ್ದಾಗಿ ಗುರುತು ದೃಢಪಡಿಸಬೇಕು. ಬ್ಯಾಂಕ್ ಖಾತೆ ಅವಳೊಬ್ಬಳದೇ ಹೆಸರಿನಲ್ಲಿರಲಿ, ಜಂಟಿ ಬೇಡ. ಸಂಬಳ ಬರುವ ಖಾತೆಯ ಎಟಿಎಂ ಕಾರ್ಡು ಯಾರ ಕೈಯಲ್ಲಿರುತ್ತದೆ ಎನ್ನುವುದರಿಂದ ಅವಳು ಕೆಲಸದಲ್ಲಿ ಎಷ್ಟು ದಿನ ಉಳಿಯುತ್ತಾಳೆ ಎನ್ನುವುದನ್ನು ಬಹುಮಟ್ಟಿಗೆ ಹೇಳಬಹುದು.

"ನಾನು ಮನೆಯಲ್ಲೇ ಇರುವುದು" ಎಂದು ಹೇಳುವವರಲ್ಲಿ ಬೀಡಿ ಕಟ್ಟಿದವರು ಹಲವರಿರುತ್ತಾರೆ. ಅದನ್ನು ಕೆಲಸ ಎಂದು ಅವರು ಹೇಳುವುದೇ ಇಲ್ಲ, ನೀನೇ ಕೇಳಬೇಕು. ಬೀಡಿ ಬ್ರಾಂಚಿನ ಪುಸ್ತಕ ಇದೆಯಾ, ಪಿಎಫ್ ನಂಬರು ಇದೆಯಾ? ಇದ್ದರೆ ಹೊಸ ಕೆಲಸದಲ್ಲಿ ಹೊಸ ನಂಬರು ಮಾಡಿಸಬಾರದು, ಹಳೆಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರು) ಅನ್ನೇ ಕೊಡಬೇಕು. ಪಿಎಫ್ ಪಿಂಚಣಿಗೆ ಒಟ್ಟು 10 ವರ್ಷ ಸೇವೆ ಬೇಕು. ಬೀಡಿಯಲ್ಲಿ 7 ವರ್ಷ ಆದವಳಿಗೆ ಇನ್ನು 3 ವರ್ಷ ಸಾಕು, 58ಕ್ಕೆ ಪಿಂಚಣಿ ಬರುತ್ತದೆ. ಇದು ಗೊತ್ತಿಲ್ಲದೆ ಇದ್ದ ದುಡ್ಡು ತೆಗೆದು ಖಾತೆ ಮುಗಿಸಿಬಿಟ್ಟರೆ ಆ 7 ವರ್ಷವೂ ಹೋಯಿತು. ತರಬೇತಿಯ ಸಮಯದಲ್ಲಿ ಬೀಡಿ ಪೂರ್ತಿ ಬಿಡಿ ಎಂದು ಹೇಳಲೂ ಬೇಡ. ದಿನಕ್ಕೆ ಅರ್ಧ ಲೆಕ್ಕ ಕಟ್ಟಿದರೂ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ.

ಈಗ ಹೊಲಿಗೆ. ಹೆಚ್ಚಿನವರಿಗೆ ಕಾಲಲ್ಲಿ ತುಳಿಯುವ ಮಿಷನ್ ಗೊತ್ತಿರುತ್ತದೆ. ಪವರ್ ಮಿಷನ್ನಿಗೆ ಕೂರಿಸಿದಾಗ ಆ ಅಭ್ಯಾಸವೇ ಅಡ್ಡ ಬರುತ್ತದೆ. ತುಳಿಯುವ ಮಿಷನ್ನಿನಲ್ಲಿ ಪಾದ ಹಿಂದೆ ಮುಂದೆ ಆಡುತ್ತಲೇ ಇರಬೇಕು. ಪವರ್ ಮಿಷನ್ನಿನಲ್ಲಿ ಮುಂಗಾಲು ಒತ್ತಿದರೆ ಓಟ, ಹಿಮ್ಮಡಿ ಒತ್ತಿದರೆ ನಿಲುಗಡೆ. ಹಳೆಯ ರೂಢಿಯಲ್ಲಿ ಪಾದ ಆಡಿಸಿದರೆ ಮಿಷನ್ ಜಿಗಿದು ಜಿಗಿದು ಓಡುತ್ತದೆ, ಹೊಲಿಗೆ ಸೊಟ್ಟಗಾಗುತ್ತದೆ, "ನನ್ನಿಂದ ಆಗದು" ಎಂದು ಎದ್ದುಬಿಡುತ್ತಾರೆ. ಬಲಗೈ ಚಕ್ರದ ಕಡೆ ಹೋಗುವುದೂ ಅದೇ ರೂಢಿ. ಹಾಗಾಗಿ ಸರ್ವೋ ಮೋಟಾರಿನ ಮಿಷನ್ ತರಿಸು, ಅದರಲ್ಲಿ ವೇಗ ಇಳಿಸಿಡಬಹುದು. ಕಾರ್ಖಾನೆಯಲ್ಲಿ ನಿಮಿಷಕ್ಕೆ 4000 ಹೊಲಿಗೆ ಓಡುವ ಮಿಷನ್ನನ್ನು ಮೊದಲ ವಾರ 1000ಕ್ಕೆ ಇಡು, ಆಮೇಲೆ ವಾರ ವಾರ ಏರಿಸು.

ಮೊದಲ ಮೂರು ದಿನ ನೂಲೂ ಬೇಡ, ಬಟ್ಟೆಯೂ ಬೇಡ. ಕಾಗದದ ಮೇಲೆ ಗೆರೆ ಎಳೆದು ಕೊಡು: ನೇರ ಗೆರೆ, ಚೌಕ, ಸುರುಳಿ. ಸೂಜಿಯ ತೂತು ಗೆರೆಯ ಮೇಲೆ ಬಿತ್ತೋ ಇಲ್ಲವೋ ಎಂದು ಕಾಗದ ತಾನೇ ತೋರಿಸುತ್ತದೆ, ಯಾರೂ ಬೈಯಬೇಕಾಗಿಲ್ಲ. ಚೌಕದ ಮೂಲೆಯಲ್ಲಿ ಸೂಜಿ ಒಳಗಿರುವಾಗಲೇ ನಿಲ್ಲಿಸಿ, ಮೊಣಕಾಲಿನಿಂದ ಸನ್ನೆ ಒತ್ತಿ ಮಿಷನ್ನಿನ ಒತ್ತುಪಾದ ಎತ್ತಿ, ಕಾಗದ ತಿರುಗಿಸುವುದು ಬಂದರೆ ಕಾಲರು ಹೊಲಿಯಲು ಅರ್ಧ ಬಂದಂತೆ. ನಾಲ್ಕನೇ ದಿನ ನೂಲು. ನೂಲು ತುಂಡಾಗುತ್ತಿದ್ದರೆ ಟೆನ್ಶನ್ (ನೂಲಿನ ಬಿಗಿ) ತಿರುಗಿಸುವ ಮೊದಲು ಸೂಜಿ ನೋಡಲು ಕಲಿಸು. ಸಾಮಾನ್ಯವಾಗಿ ಸೂಜಿ ತಿರುಗಾಮುರುಗಾ ಕೂತಿರುತ್ತದೆ ಇಲ್ಲವೇ ತುದಿ ಬಾಗಿರುತ್ತದೆ. ಕಾಟನ್ನಿಗೆ 14 ನಂಬರ್ ಸೂಜಿ, ತೆಳು ರೇಷ್ಮೆಗೆ 11. ಬಾಬಿನ್ ಕೇಸನ್ನು (ಕೆಳನೂಲಿನ ಡಬ್ಬಿ) ನೂಲಿನಿಂದ ತೂಗುಹಾಕಿ ಮೆಲ್ಲ ಜಗ್ಗಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಸರ್‍ರನೆ ಇಳಿದರೆ ಸಡಿಲ, ಅಲುಗದಿದ್ದರೆ ಬಿಗಿ.

ಒಂದು ವಿಷಯ ಮೊದಲೇ ಬಿಚ್ಚಿ ಹೇಳು: ಗಾರ್ಮೆಂಟಿನಲ್ಲಿ ಯಾರೂ ಇಡೀ ಅಂಗಿ ಹೊಲಿಯುವುದಿಲ್ಲ. ಒಬ್ಬಳು ದಿನವಿಡೀ ಕಾಲರು, ಇನ್ನೊಬ್ಬಳು ದಿನವಿಡೀ ತೋಳು. ಅದು ಇಷ್ಟವಾಗದವರಿಗೆ ಮನೆಯಲ್ಲೇ ರವಕೆ, ಫಾಲ್, ಪಿಕೊ ಒಳ್ಳೆಯದು. ಆದರೆ ಅವರಿಗೆ ದರ ಹಾಕಲು ಕಲಿಸಬೇಕು. ಉದಾಹರಣೆಗೆ ಒಂದು ರವಕೆಗೆ ಲೈನಿಂಗ್ 80, ನೂಲು-ಹುಕ್ಕು 15, ಕರೆಂಟು ಮತ್ತು ಮಿಷನ್ ಸವೆತ 10. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಎರಡೂವರೆ ಗಂಟೆಯ ತನ್ನ ದುಡಿಮೆಯನ್ನು ಯಾರೂ ಬರೆಯುವುದಿಲ್ಲ. ಗಂಟೆಗೆ 80 ಎಂದರೂ 200 ಆಯಿತು. ಒಟ್ಟು 305 ಬೀಳುವ ರವಕೆಯನ್ನು ನೆರೆಮನೆಯವರೆಂದು 150ಕ್ಕೆ ಕೊಟ್ಟರೆ ಉಳಿದ 155 ಅವಳೇ ತುಂಬಿದಂತೆ. ಫಾಲ್ ವಿಷಯದಲ್ಲಿಯೂ ಒಂದು ಮಾತು. ಕಾಟನ್ ಫಾಲ್ ಅನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿಯೇ ಹೊಲಿಯಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಫಾಲ್ ಕುಗ್ಗಿ ಸೀರೆಯ ಅಂಚು ಸುಕ್ಕುಗಟ್ಟುತ್ತದೆ, ಆ ಗಿರಾಕಿ ಮತ್ತೆ ಬರುವುದಿಲ್ಲ.

ರೋಗಿ ಆರೈಕೆ ನಮ್ಮ ಕಡೆ ಬೇಡಿಕೆ ಇರುವ ಕೆಲಸ. ಮಂಗಳೂರು, ಮಣಿಪಾಲದಲ್ಲಿ ಆಸ್ಪತ್ರೆಗಳು ಎಷ್ಟಿವೆಯೋ, ಮಕ್ಕಳು ಪರವೂರಿನಲ್ಲಿದ್ದು ವಯಸ್ಸಾದವರು ಮಾತ್ರ ಉಳಿದ ಮನೆಗಳೂ ಅಷ್ಟೇ ಇವೆ. ಅತ್ತೆಯನ್ನೋ ಮಾವನನ್ನೋ ಹಾಸಿಗೆಯಲ್ಲಿ ನೋಡಿಕೊಂಡ ಗೃಹಿಣಿಗೆ ಧೈರ್ಯ, ತಾಳ್ಮೆ ಮೊದಲೇ ಇರುತ್ತದೆ. ಆದರೆ ಕೆಲವು ರೂಢಿ ಬಿಡಿಸಬೇಕು. ಬೆನ್ನು ಕೆಂಪಾದರೆ ಎಣ್ಣೆ ಹಚ್ಚಿ ಉಜ್ಜುವುದು ಅಂಥದ್ದು. ಒತ್ತಡಕ್ಕೆ ರಕ್ತ ಓಡದೆ ಕೆಂಪಾದ ಜಾಗವನ್ನು ಉಜ್ಜಿದರೆ ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಸಮಯ ಬರೆದಿಡಬೇಕು. ಎಳೆಯಬಾರದು, ಕೆಳಗೆ ಅಡ್ಡಬಟ್ಟೆ ಹಾಕಿ ಇಬ್ಬರು ಎತ್ತಬೇಕು. ಗಂಜಿ ಕುಡಿಸುವಾಗ ನೆಟ್ಟಗೆ ಕೂರಿಸಿ, ಕುಡಿಸಿದ ಮೇಲೂ ಅರ್ಧ ಗಂಟೆ ಮಲಗಿಸಬಾರದು, ಇಲ್ಲವಾದರೆ ಶ್ವಾಸಕೋಶಕ್ಕೆ ಹೋಗುವ ಅಪಾಯ. ಸೋಪಿನಲ್ಲಿ ಕೈ ತೊಳೆಯುವುದಕ್ಕೆ 40ರಿಂದ 60 ಸೆಕೆಂಡು, ಗ್ಲೌಸ್ ಹಾಕಿದರೂ ತಪ್ಪಿಸುವಂತಿಲ್ಲ. ಏನು ಮಾಡಬಾರದು ಎನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಕಲಿಸು: ಇಂಜೆಕ್ಷನ್ ಕೊಡಬಾರದು, ಡ್ರಿಪ್ಪಿನ ವೇಗ ಮುಟ್ಟಬಾರದು, ಕ್ಯಾಥೆಟರ್ ಬದಲಾಯಿಸಬಾರದು, ಮನೆಯವರು ಎಷ್ಟೇ ಒತ್ತಾಯಿಸಿದರೂ.

ಮನೆಗೆ ಹೋಗಿ ಆರೈಕೆ ಮಾಡುವ ಕೆಲಸವಾದರೆ ಬರಹದ ಒಪ್ಪಂದ ಇಲ್ಲದೆ ಕಳಿಸಲೇಬೇಡ. ಎಷ್ಟು ಗಂಟೆ, ವಾರದ ರಜೆ ಯಾವ ದಿನ, ರಾತ್ರಿ ನಿದ್ದೆಗೆ ಎಷ್ಟು ಹೊತ್ತು, ಮಲಗಲು ಬಾಗಿಲು ಹಾಕಿಕೊಳ್ಳುವ ಜಾಗ ಇದೆಯಾ, ಎಲ್ಲ ಬರೆದಿರಲಿ. ರೋಗಿಯ ಆರೈಕೆಗೆ ಎಂದು ಕರೆದು ಇಡೀ ಮನೆಯ ಅಡುಗೆ, ಪಾತ್ರೆ, ಬಟ್ಟೆ ಹೊರಿಸುವುದು ಬಹಳ. ಇದು ನನಗೆ ಸಹಿಸದ ಸಂಗತಿ. ತನ್ನ ಮನೆಯ ಸಂಬಳವಿಲ್ಲದ ಚಾಕರಿಯಿಂದ ಹೊರಟವಳು ಇನ್ನೊಂದು ಮನೆಯಲ್ಲಿ ಅದನ್ನೇ ಮಾಡುವಂತಾಗಬಾರದು.

ಪ್ರಮಾಣಪತ್ರದ ಪರೀಕ್ಷೆ ಕನ್ನಡದಲ್ಲಿ ಇದೆಯೇ ಎಂದು ಮೊದಲೇ ಬರಹದಲ್ಲಿ ಖಚಿತಪಡಿಸಿಕೋ. ವರ್ಷಾನುಗಟ್ಟಲೆ ಹೊಲಿದವರಿಗೆ ಪೂರ್ತಿ ಕೋರ್ಸಿನ ಬದಲು ಇದ್ದ ಕೌಶಲವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ದಾರಿಯಿದೆ. ಇಡೀ ದಿನ ಹೊರಗಿರಬಲ್ಲವರಿಗೆ ಸ್ವಉದ್ಯೋಗದ ತರಬೇತಿ ಕೊಡುವ ನಿಮ್ಮೂರಿನ ರುಡ್‌ಸೆಟ್ ಸಂಸ್ಥೆ ಇದ್ದೇ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಆ ಕ್ರಮವನ್ನೇ ನೋಡಿ ಕೇಂದ್ರ ಸರ್ಕಾರ ಜಿಲ್ಲೆಗೊಂದು ಅಂಥ ಸಂಸ್ಥೆ ಮಾಡಿಸಿತು. ತರಬೇತಿ, ಊಟ, ವಸತಿ ಉಚಿತ, ಮುಗಿದ ಮೇಲೂ ಎರಡು ವರ್ಷ ವಿಚಾರಿಸುತ್ತಿರುತ್ತಾರೆ. ಅವರ ಜೊತೆ ಸ್ಪರ್ಧೆ ಬೇಡ, ಸೇರಿ ಮಾಡು.

ಸಾಲದ ವಿಷಯದಲ್ಲಿ ಅವಸರ ಬೇಡ. ಕುಶಲಕರ್ಮಿಗಳಿಗೆಂದು ಇರುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೂ ಅವಕಾಶವಿದೆ: 15,000 ರೂಪಾಯಿಯ ಉಪಕರಣ, ಮೊದಲ ಹಂತದಲ್ಲಿ 5% ಬಡ್ಡಿಗೆ 1 ಲಕ್ಷ. ಆದರೆ ಒಂದು ಕುಟುಂಬಕ್ಕೆ ಒಬ್ಬರು ಮಾತ್ರ. ಗಂಡ ಬಡಗಿಯೆಂದು ಅದನ್ನು ಪಡೆದಿದ್ದರೆ ಇವಳಿಗಿಲ್ಲ. ಮೂರು ತಿಂಗಳು ಆರ್ಡರಿನ ಪುಸ್ತಕ ಬರೆದು, ತಿಂಗಳಿಗೆ ಕೈಯಲ್ಲಿ ಉಳಿಯುವುದು ಕಂತಿಗಿಂತ ಹೆಚ್ಚು ಎಂದು ಕಂಡ ಮೇಲೆಯೇ ಅರ್ಜಿ ಹಾಕಿಸು.

ಕೆಲಸಕ್ಕೆ ಸೇರಿದವರಿಗೆ ಒಂದು ವಾರ, ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳಿಗೆ ಫೋನ್ ಮಾಡು. "ಹೇಗಿದ್ದೀರಿ ಅಕ್ಕಾ" ಎಂದರೆ "ಒಳ್ಳೆದುಂಟು" ಎಂದೇ ಉತ್ತರ ಬರುತ್ತದೆ. ಬಿಡಿಸಿ ಕೇಳು. ಸಂಬಳ ಯಾವ ತಾರೀಕಿಗೆ ಬಂತು? ಚೀಟಿಯಲ್ಲಿ ಪಿಎಫ್ 12%, ಇಎಸ್‌ಐ (ನೌಕರರ ವಿಮೆ) 0.75% ಕಡಿದಿದ್ದಾರಾ, ಇಎಸ್‌ಐ ನಂಬರು ಕೊಟ್ಟಿದ್ದಾರಾ? ಮನೆಯಲ್ಲಿ ಮಧ್ಯಾಹ್ನದ ಅಡುಗೆ ಯಾರು ಮಾಡುತ್ತಾರೆ? ಯಾರಾದರೂ ಕೆಟ್ಟದಾಗಿ ನಡೆದುಕೊಂಡರಾ? 10 ಮಂದಿ ಅಥವಾ ಹೆಚ್ಚು ಇರುವ ಕಡೆ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು, ದೂರು ಕೊಡಲು ಮೂರು ತಿಂಗಳ ಅವಧಿ. ಆ ಸಮಿತಿಯವರ ಹೆಸರು ಅವಳಿಗೆ ಗೊತ್ತಿದೆಯಾ ಎಂದು ಮೊದಲ ಫೋನಿನಲ್ಲೇ ಕೇಳು.

ಪಟ್ಟಿ ಅಂತಿಮ ಮಾಡುವ ಮೊದಲು ನನಗೊಮ್ಮೆ ಕಳಿಸು. ಯಾರು ಯಾವ ಬಸ್ಸಿನಲ್ಲಿ ಬರುತ್ತಾರೆ ಎಂಬ ಕಾಲಮ್ಮು ಅದರಲ್ಲಿ ಇರಲಿ.

ನಿನ್ನ ಅಮ್ಮ