ಡಿಸ್ಕ್ ಕೊಳ್ಳುವ ಮೊದಲು ಮೂಲ ಇಮೇಜ್ ಹಂಚಿ ನೋಡಿ

ಮಾನ್ಯ ಸಂಪಾದಕರೇ,

ಹೊಸ ಸೆಮಿಸ್ಟರ್ ಹತ್ತಿರ ಬಂದರೆ ಮೈಸೂರು, ಮಂಡ್ಯದ ಕಾಲೇಜು ಲ್ಯಾಬ್‌ಗಳಲ್ಲಿ ಹಾರ್ಡ್ ಡಿಸ್ಕ್ ಕೊಟೇಶನ್‌ಗಳ ಓಡಾಟ ಶುರು. ವರ್ಚುವಲ್ ಸರ್ವರ್‌ಗಳಿಗೆ, ಅಂದರೆ ಒಂದೇ ಯಂತ್ರದೊಳಗೆ ತಂತ್ರಾಂಶದ ಬಲದಿಂದ ನಡೆಯುವ ಹಲವು ಸರ್ವರ್‌ಗಳಿಗೆ, ಜಾಗ ಸಾಲುತ್ತಿಲ್ಲ ಎಂಬುದು ಕಾರಣ. ಒಂದು ಯಂತ್ರದ ಮೇಲೆ 20 ವರ್ಚುವಲ್ ಸರ್ವರ್ ಇವೆ ಎಂದಿಟ್ಟುಕೊಳ್ಳಿ. ಇಪ್ಪತ್ತರಲ್ಲೂ ಅದೇ ಉಬುಂಟು, ಅದೇ ಕಂಪೈಲರ್, ಅದೇ ಮೈಎಸ್‌ಕ್ಯೂಎಲ್ ಡೇಟಾಬೇಸ್. ತಲಾ 5 ಜಿಬಿ ಹಿಡಿದರೂ 100 ಜಿಬಿ ಆಯಿತು. ಅದರಲ್ಲಿ 95 ಜಿಬಿ ಬರೀ ನಕಲು. ಹೊಸ ಡಿಸ್ಕ್ ತಂದರೆ ಅದರೊಳಗೂ ನಕಲೇ ತುಂಬಿಕೊಳ್ಳುತ್ತದೆ.

ಲಿನಕ್ಸ್‌ನಲ್ಲಿ ವರ್ಚುವಲ್ ಸರ್ವರ್ ನಡೆಸುವ ಕೆವಿಎಂ ಇರುವಲ್ಲಿ ಪರಿಹಾರಕ್ಕೆ ಹಣ ಬೇಕಿಲ್ಲ. ಒಂದು ವರ್ಚುವಲ್ ಸರ್ವರ್‌ನಲ್ಲಿ ಬೇಕಾದ್ದನ್ನೆಲ್ಲ ಇನ್‌ಸ್ಟಾಲ್ ಮಾಡಿ, ಅಪ್‌ಡೇಟ್ ಮುಗಿಸಿ, ಶಟ್‌ಡೌನ್ ಮಾಡಿ. ಅದರ ಡಿಸ್ಕ್ ಫೈಲೇ ಮೂಲ ಇಮೇಜ್. ಇಪ್ಪತ್ತೂ ಸರ್ವರ್‌ಗಳಿಗೆ ಕ್ಯೂಕೌ2 (qcow2) ಮಾದರಿಯ ಡಿಸ್ಕ್ ಫೈಲ್ ಮಾಡುವಾಗ ಈ ಫೈಲನ್ನು ‘ಬ್ಯಾಕಿಂಗ್ ಫೈಲ್’, ಅಂದರೆ ಕೆಳಗಿನ ಆಧಾರ, ಎಂದು ಕೊಡಿ, ಅದರ ಫಾರ್ಮ್ಯಾಟನ್ನೂ ಹೇಳಿ. ಹೊಸ ಆವೃತ್ತಿಗಳು ಫಾರ್ಮ್ಯಾಟ್ ಹೇಳದಿದ್ದರೆ ಒಪ್ಪುವುದೇ ಇಲ್ಲ. ಹೀಗೆ ಮೂಲದ ಮೇಲೆ ಹುಟ್ಟುವ ಪದರದ ಫೈಲ್ ಆರಂಭದಲ್ಲಿ ಸುಮಾರು 200 ಕೆಬಿ ಅಷ್ಟೇ. ಬದಲಾಗದ್ದನ್ನೆಲ್ಲ ಮೂಲದಿಂದ ಓದಿಕೊಳ್ಳುತ್ತದೆ, ಬರೆದದ್ದನ್ನು ಮಾತ್ರ 64 ಕೆಬಿ ತುಣುಕುಗಳಲ್ಲಿ ತನ್ನೊಳಗೆ ಇಟ್ಟುಕೊಳ್ಳುತ್ತದೆ.

ಮೂಲ ಇಮೇಜಿನ ಶಟ್‌ಡೌನ್‌ಗೆ ಮೊದಲು, ಆ ಸರ್ವರ್‌ನ ಗುರುತಿನ ಸಂಖ್ಯೆ ಇರುವ ಮಷೀನ್-ಐಡಿ ಫೈಲನ್ನು ಬರಿದು ಮಾಡುವುದನ್ನು ಮರೆಯಬಾರದು. ಅಳಿಸುವುದಲ್ಲ, ಬರಿದು ಮಾಡುವುದು. ಇದು ತಪ್ಪಿದರೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಸಂಖ್ಯೆ) ಬೇರೆ ಬೇರೆ ಇದ್ದರೂ ಉಬುಂಟು ಸರ್ವರ್‌ಗಳಿಗೆ, ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಒಂದೇ ಐಪಿ ಬಂದು ಕೂರುತ್ತದೆ, ಏಕೆಂದರೆ ಅವು ತಮ್ಮ ಗುರುತನ್ನು ಮಷೀನ್-ಐಡಿಯಿಂದಲೇ ಕಟ್ಟಿಕೊಳ್ಳುತ್ತವೆ. ಲ್ಯಾಬ್‌ನವರು ಸ್ವಿಚ್ ಕೆಟ್ಟಿದೆಯೆಂದು ಕೇಬಲ್ ಕಿತ್ತು ಹಾಕುತ್ತಾ ಅರ್ಧ ದಿನ ಕಳೆಯುವುದು ಇಲ್ಲೇ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಸೇವೆಗೆ ಸರ್ವರ್‌ನ ಗುರುತಾದ ಹೋಸ್ಟ್ ಕೀಗಳನ್ನೂ ತೆಗೆಯಬೇಕು. ಆದರೆ ಮೊದಲ ಬೂಟ್‌ನಲ್ಲಿ ಹೊಸ ಕೀ ಹುಟ್ಟುವ ಏರ್ಪಾಡು ಇರಲಿ, ಇಲ್ಲವಾದರೆ ಆ ಸೇವೆ ಏಳುವುದಿಲ್ಲ.

ಇಷ್ಟಾದ ಮೇಲೆ ಮೂಲ ಇಮೇಜನ್ನು ಓದಲು ಮಾತ್ರ ಬರುವಂತೆ ಮಾಡಿ ಬೀಗ ಹಾಕಿದ ಹಾಗೆ ಬಿಟ್ಟುಬಿಡಬೇಕು. ‘ಒಂದೇ ಒಂದು ಪ್ಯಾಕೇಜ್ ಹಾಕಿ ಮುಚ್ಚುತ್ತೇನೆ’ ಎಂದು ಅದನ್ನು ಬೂಟ್ ಮಾಡಿದರೂ ಸಾಕು, ಮೇಲಿನ ಇಪ್ಪತ್ತರ ಫೈಲ್‌ಸಿಸ್ಟಂ ಕೆಡುತ್ತದೆ. ಪದರದಲ್ಲಿ ಹಳೆಯ ಲೆಕ್ಕ, ಕೆಳಗೆ ಹೊಸ ಬ್ಲಾಕು, ಎರಡೂ ತಾಳೆಯಾಗುವುದಿಲ್ಲ. ವಿ.ಸಿ. ನಾಲೆಯ ತೂಬಿನ ಹತ್ತಿರ ಮಣ್ಣು ಕೆದಕಿದರೆ ಕೊನೆಯ ಗದ್ದೆಗೂ ಬರುವುದು ಕೆಸರು ನೀರೇ.

ವರ್ಚುವಲ್ ಸರ್ವರ್ ಬದಲು ಕಂಟೇನರ್ (ಹೋಸ್ಟ್‌ನ ಕರ್ನಲ್ಲನ್ನೇ ಹಂಚಿಕೊಳ್ಳುವ ಪ್ರತ್ಯೇಕ ಆವರಣ) ಬಳಸುವವರಲ್ಲಿ ಕೆಲವರು ಒಂದೇ ರೀತಿಯ ಫೈಲ್‌ಗಳನ್ನು ಹಾರ್ಡ್‌ಲಿಂಕ್ ಮಾಡಿ, ಅಂದರೆ ಒಂದೇ ಫೈಲಿಗೆ ಹಲವು ಹೆಸರು ಕೊಟ್ಟು, ಜಾಗ ಉಳಿಸುತ್ತಾರೆ. ಹಳೆಯ ಕಂಟೇನರ್ ವ್ಯವಸ್ಥೆಯಾದ ಲಿನಕ್ಸ್-ವಿಸರ್ವರ್ ಕಾಲದ ಈ ಉಪಾಯ ಒಳ್ಳೆಯದೇ. ಲೈಬ್ರರಿ ಫೈಲ್‌ನ ಐನೋಡ್ (ಡಿಸ್ಕ್‌ನಲ್ಲಿ ಫೈಲಿನ ದಾಖಲೆ) ಒಂದೇ ಆಗುವುದರಿಂದ ಡಿಸ್ಕ್ ಜೊತೆಗೆ ರ‍್ಯಾಮ್ ಕೂಡ ಉಳಿಯುತ್ತದೆ. ಪ್ಯಾಕೇಜ್ ಮ್ಯಾನೇಜರ್‌ಗಳು ಹೊಸ ಫೈಲ್ ಬರೆದು ಹಳೆಯದರ ಹೆಸರಿಗೆ ಬದಲಿಸುತ್ತವೆ, ಹಾಗಾಗಿ ಅಪ್‌ಡೇಟ್ ಆದ ಕಂಟೇನರ್‌ನ ಕೊಂಡಿ ಮಾತ್ರ ಕಳಚುತ್ತದೆ. ಕಷ್ಟ ಬರುವುದು ಇದ್ದ ಫೈಲಿಗೇ ಸಾಲು ಸೇರಿಸುವ ಸ್ಕ್ರಿಪ್ಟ್‌ಗಳಿಂದ. ಒಂದರಲ್ಲಿ ತಿದ್ದಿದ್ದು ಎಲ್ಲದರಲ್ಲೂ ಕಾಣುತ್ತದೆ. ಒಂದು ಕಡೆ ಪರ್ಮಿಶನ್ ಬದಲಿಸಿದರೂ ಅದೇ ಪಾಡು. ವಿಸರ್ವರ್‌ನಲ್ಲಿ ಇದಕ್ಕೆಂದೇ ‘ಬರೆಯುವಂತಿಲ್ಲ, ಆದರೆ ಅಳಿಸಬಹುದು’ ಎಂಬ ವಿಶೇಷ ಗುರುತು ಇತ್ತು. ಆ ರಕ್ಷಣೆ ಇಲ್ಲದೆ ಕೈಯಾರೆ ಲಿಂಕ್ ಮಾಡುವುದು ನಮ್ಮ ದೃಷ್ಟಿಯಲ್ಲಿ ಅಪಾಯ. ಸೆಟ್ಟಿಂಗ್ ಇರುವ ಇಟಿಸಿ (/etc), ಬದಲಾಗುವ ಡೇಟಾ ಇರುವ ವಾರ್ (/var) ಡೈರೆಕ್ಟರಿಗಳನ್ನಂತೂ ಮುಟ್ಟಲೇಬಾರದು. ಈಗ ಮಾಡುವವರಿಗೆ 2014ರಲ್ಲಿ ಲಿನಕ್ಸ್ ಕರ್ನಲ್ 3.18 ಜೊತೆ ಬಂದ ಓವರ್‌ಲೇ ಫೈಲ್‌ಸಿಸ್ಟಂ (ಡೈರೆಕ್ಟರಿಗಳನ್ನು ಪದರಗಳಾಗಿ ಜೋಡಿಸುವ ವ್ಯವಸ್ಥೆ) ಇದೆ, ಕಂಟೇನರ್ ನಡೆಸುವ ಡಾಕರ್ ಕೂಡ ಸಾಮಾನ್ಯವಾಗಿ ನಡೆಯುವುದು ಅದರ ಮೇಲೆಯೇ. ಅದರಲ್ಲೂ ಒಂದು ಕೊಕ್ಕೆ: ಕೆಳಪದರದ 1 ಜಿಬಿ ಫೈಲಿಗೆ ಒಂದು ಸಾಲು ಸೇರಿಸಿದರೂ ಇಡೀ ಫೈಲ್ ಮೇಲಿನ ಪದರಕ್ಕೆ ನಕಲಾಗುತ್ತದೆ. ಹಾಗಾಗಿ ಡೇಟಾಬೇಸ್‌ಗೆ ಪ್ರತ್ಯೇಕ ವಾಲ್ಯೂಮ್ (ಪದರಗಳ ಹೊರಗಿನ ಜಾಗ) ಕೊಡಿ.

ಬ್ಯಾಕಪ್ ವಿಷಯ ಯಾರೂ ಯೋಚಿಸಿರುವುದಿಲ್ಲ. ಫೈಲ್ ನಕಲಿಸುವ ಆರ್‌ಸಿಂಕ್‌ಗೆ ಹಾರ್ಡ್‌ಲಿಂಕ್ ಉಳಿಸುವ ಆಯ್ಕೆಯನ್ನು ಬೇರೆಯಾಗಿ ಕೊಡಬೇಕು. ಪ್ರತಿ ಕಂಟೇನರ್‌ಗೂ ಒಂದೊಂದು ಟಾರ್ ಫೈಲ್ (ಎಲ್ಲವನ್ನೂ ಕಟ್ಟಿಟ್ಟ ಒಂದೇ ಫೈಲ್) ಮಾಡಿದರೆ ಕೊಂಡಿಗಳೆಲ್ಲ ಬಿಡಿಬಿಡಿಯಾಗಿ, ವಾಪಸ್ ಹಾಕುವ ದಿನ 5 ಜಿಬಿ ಮತ್ತೆ 100 ಜಿಬಿ ಆಗಿ ನಿಲ್ಲುತ್ತದೆ. ಕ್ಯೂಕೌ2 ಪದರಗಳಿಗೆ ಬ್ಯಾಕಪ್ ಮಾಡಿ ಮೂಲ ಇಮೇಜನ್ನು ಬಿಟ್ಟರೆ ಇಪ್ಪತ್ತರಲ್ಲಿ ಒಂದೂ ಬೂಟ್ ಆಗದು.

ಉಳಿತಾಯ ಶಾಶ್ವತವೂ ಅಲ್ಲ. ಇಪ್ಪತ್ತೂ ಸರ್ವರ್ ತಮ್ಮ ಪಾಡಿಗೆ ಅಪ್‌ಡೇಟ್ ಆದರೆ ಅದೇ ಹೊಸ ಕರ್ನಲ್ ಇಪ್ಪತ್ತು ಪದರಗಳಲ್ಲೂ ಬಿದ್ದು, ತಿಂಗಳುಗಳಲ್ಲಿ ಪದರಗಳು ಊದಿಕೊಳ್ಳುತ್ತವೆ. ವಿದ್ಯಾರ್ಥಿಗಳ ಕೆಲಸವನ್ನು ಬೇರೆ ಡಿಸ್ಕ್‌ನಲ್ಲಿಟ್ಟು, ಸೆಮಿಸ್ಟರ್‌ಗೊಮ್ಮೆ ಹೊಸ ಮೂಲ ಇಮೇಜ್ ಮಾಡಿ ಪದರಗಳನ್ನು ಹೊಸದಾಗಿ ಹುಟ್ಟಿಸುವುದೇ ಸರಿ. ಹೋಸ್ಟ್‌ನ, ಅಂದರೆ ಇವೆಲ್ಲ ನಡೆಯುವ ನಿಜವಾದ ಯಂತ್ರದ, ಡಿಸ್ಕ್ 80% ದಾಟಿದಾಗ ಎಚ್ಚರಿಕೆಯ ಮೇಲ್ ಬರುವಂತಿರಲಿ. ಪೂರ್ತಿ ತುಂಬಿದರೆ, ಬರೆಯಲು ಹೋದ ಸರ್ವರ್‌ಗಳೆಲ್ಲ ಒಂದೊಂದಾಗಿ ಇದ್ದಲ್ಲೇ ಸ್ಥಗಿತಗೊಳ್ಳುತ್ತವೆ, ಅದೂ ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ ಆಗಬೇಕೆ! ಝಡ್‌ಎಫ್‌ಎಸ್ ಫೈಲ್‌ಸಿಸ್ಟಂನ ಡೀಡ್ಯೂಪ್ (ಒಂದೇ ರೀತಿಯ ಬ್ಲಾಕನ್ನು ಒಮ್ಮೆ ಮಾತ್ರ ಇಡುವ ಸೌಲಭ್ಯ) ಆನ್ ಮಾಡಿದರೆ ಸಾಕಲ್ಲ ಎನ್ನುವವರು ರ‍್ಯಾಮ್ ಲೆಕ್ಕ ಹಾಕಲಿ: ಸರಾಸರಿ 64 ಕೆಬಿ ಬ್ಲಾಕ್ ಆದರೆ 1 ಟಿಬಿಗೆ ಅದರ ಪಟ್ಟಿಯೇ ಸುಮಾರು 5 ಜಿಬಿ ನುಂಗುತ್ತದೆ.

ಖರೀದಿ ಸಮಿತಿಯವರಲ್ಲಿ ಒಂದು ಮನವಿ. ಕೊಟೇಶನ್‌ಗೆ ಸಹಿ ಹಾಕುವ ಮೊದಲು ಲ್ಯಾಬ್ ಸಿಬ್ಬಂದಿಯಿಂದ ಪ್ರತಿ ಡಿಸ್ಕ್ ಇಮೇಜ್‌ನ ಮಾಹಿತಿ ತೆಗೆಸಿ ನೋಡಿ. ಕೆವಿಎಂ ಜೊತೆ ಬಳಸುವ ಕ್ಯೂಇಎಂಯು (QEMU) ತಂತ್ರಾಂಶದ ಜೊತೆಗೇ ಬರುವ ಸಾಧನ ಅದನ್ನು ಕ್ಷಣದಲ್ಲಿ ತೋರಿಸುತ್ತದೆ. ಅದರಲ್ಲಿ ‘ಬ್ಯಾಕಿಂಗ್ ಫೈಲ್’ ಎಂಬ ಸಾಲು ಇಲ್ಲದಿದ್ದರೆ, ಅದು ಮೂಲ ಇಮೇಜ್ ಅಲ್ಲವಾದರೆ, ಯಾವ ಮೂಲವನ್ನೂ ಹಂಚಿಕೊಳ್ಳದ ಪೂರ್ತಿ ಡಿಸ್ಕ್ ಎಂದರ್ಥ. ಅಂಥವು ಎಷ್ಟಿವೆ ಎಂದು ಎಣಿಸಿದ ಮೇಲೆ ಡಿಸ್ಕ್ ಬೇಕೋ ಬೇಡವೋ ತೀರ್ಮಾನಿಸಬಹುದು.

ಇಂತಿ,
ಸರ್ವರ್ ನಿರ್ವಾಹಕರು
ಕುವೆಂಪುನಗರ, ಮೈಸೂರು