ಅಮ್ಮನ ಉಂಗುರ ಉಳಿಸಿಕೊಟ್ಟವರಿಗೆ

ಅಮ್ಮ ಮನೆಗೆ ಬಂದಿದ್ದಾಳೆ. ಕೋಲು ಹಿಡಿದು ನಡೆಯುತ್ತಾಳೆ, ನಮ್ಮನ್ನು ಬಯ್ಯುವಷ್ಟು ದನಿಯೂ ಮರಳಿದೆ. ರಕ್ತ ಕೊಟ್ಟವರು, ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು, ಕೇಳುವ ಮೊದಲೇ ಹಣ ಹಾಕಿದವರು, ನಿಮ್ಮೆಲ್ಲರ ಋಣ ಎಷ್ಟು ದೊಡ್ಡದೆಂದು ನಮಗೆ ಗೊತ್ತು. ಆದರೆ ಒಂದು ಉಂಗುರದ ವಿಷಯದಲ್ಲಿ ನೆರವಾದ ಮೂವರಿಗೆ ತಾವೇನು ಮಾಡಿದೆವು ಅನ್ನುವುದು ಗೊತ್ತಿರಲಿಕ್ಕಿಲ್ಲ. ಅವರಿಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಉಂಗುರ ಅಜ್ಜಿಯದು. 22 ಕ್ಯಾರೆಟ್ ಚಿನ್ನ, ಮೇಲೊಂದು ಮುತ್ತು, ಮುತ್ತಿನ ಕೆಳಗೆ ಒಳಬದಿಯಲ್ಲಿ ಅಜ್ಜಿಯ ಹೆಸರಿನ ಮೊದಲಕ್ಷರ. ಅಜ್ಜಿ ಹೋದಮೇಲೆ ಅಮ್ಮನ ಕೈಗೆ ಬಂದದ್ದು ಆಮೇಲೆ ಕಳಚಿದ್ದೇ ಇಲ್ಲ.

ಆಪರೇಷನ್ನಿನ ಹೊತ್ತಿಗೆ ಅಮ್ಮನ ಬೆರಳುಗಳು ಊದಿಕೊಂಡಿದ್ದವು. ಊತ ಇನ್ನೂ ಏರಿದರೆ ಉಂಗುರವೇ ಬೆರಳಿನ ರಕ್ತಸಂಚಾರ ತಡೆಯುತ್ತದೆ, ಬಿಡುವ ಹಾಗಿರಲಿಲ್ಲ. ಸಿಸ್ಟರ್ ಮೊದಲು ಜೆಲ್ ಹಚ್ಚಿ ನೋಡಿದರು. ಆಮೇಲೆ ದಾರದ ಒಂದು ತುದಿಯನ್ನು ಉಂಗುರದಡಿ ತೂರಿಸಿ, ಉಳಿದದ್ದನ್ನು ಬೆರಳಿಗೆ ಒತ್ತೊತ್ತಾಗಿ ಸುತ್ತಿ, ಬುಡದಿಂದ ಬಿಚ್ಚುತ್ತಾ ಬಂದರು. ಗೆಣ್ಣಿನ ಹತ್ತಿರ ನಿಂತೇಬಿಟ್ಟಿತು. ಕತ್ತರಿಸುವುದೊಂದೇ ದಾರಿ. ಅಷ್ಟು ಗಡಿಬಿಡಿಯಲ್ಲೂ ಅವರು ನನ್ನ ಕಡೆ ತಿರುಗಿ, "ಒಳಗೆ ಏನಾದ್ರೂ ಬರ್ಸಿದ್ದೀರಾ? ಯಾವ ಕಡೆ ಕತ್ತರಿಸ್ಲಿ?" ಅಂದರು. ನನಗೆ ಹೊಳೆದೇ ಇರಲಿಲ್ಲ. ಅಂಗೈ ಕಡೆ ಕತ್ತರಿಸಿದರು, ಅಕ್ಷರ ಉಳಿಯಿತು. ಹತ್ತಿಬಟ್ಟೆಯ ಮೇಲೆ ಉದುರಿದ ಚಿನ್ನದ ಹುಡಿಯನ್ನೂ ಮಡಿಸಿ ಕೊಟ್ಟರು. ಸಿಸ್ಟರ್, ಆ ಒಂದು ಪ್ರಶ್ನೆಗೆ ಕೈಮುಗಿಯುತ್ತೇನೆ.

ಭಾವನಿಗೂ ಒಂದು ಮಾತು. ಹಣ ಸಾಲದೆ ಮನೆಯಲ್ಲಿ ಲೆಕ್ಕ ಹಾಕುತ್ತಿದ್ದಾಗ ಉಂಗುರ ಮಾರುವ ಮಾತೂ ಬಂತು. ತೂಕಕ್ಕೆ ಹಾಕಿದ್ದರೆ ಬಿಲ್ಲಿನ ಒಂದು ಮೂಲೆಗೂ ಆಗುತ್ತಿರಲಿಲ್ಲ, ಅದು ಬೇರೆ ಮಾತು. "ಅದೊಂದು ಬಿಟ್ಟು ಮಾತಾಡಿ, ನಾನಿದ್ದೀನಲ್ಲ" ಅಂದು ನೀವು ಆ ಮಾತನ್ನು ಅಲ್ಲಿಗೇ ಮುಗಿಸಿದಿರಿ.

ಇನ್ನು ಅಕ್ಕಸಾಲಿಗರು. ಉಂಗುರ ಕೈಯಲ್ಲಿ ಹಿಡಿದು, ಅಂಗೈ ಕಡೆ ಸವೆದು ತೆಳುವಾಗಿದೆ, ಕರಗಿಸಿ ಹೊಸದು ಮಾಡಿದರೆ ಗಟ್ಟಿ ಅಂದರು. ವ್ಯಾಪಾರದ ಮಾತಲ್ಲ, ನಿಜವೇ. ಬೇಡ ಅಂದೆ, ಮತ್ತೆ ಒತ್ತಾಯಿಸಲಿಲ್ಲ. ಅಪ್ಪಟ ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕು, 22 ಕ್ಯಾರೆಟ್ ಅದಕ್ಕಿಂತ ತುಸು ಮೊದಲೇ ಕರಗುತ್ತದೆ, ಬೆಸುಗೆ ಇನ್ನೂ ಬೇಗ. ಹಾಗಾಗಿ ಉಂಗುರ ಕರಗದೆ ಬೆಸುಗೆ ಕೂರುತ್ತದೆ. ಮುತ್ತು ಮಾತ್ರ ಆ ಬೆಂಕಿ ತಡೆಯುವುದಿಲ್ಲ, ಮೊದಲೇ ಬಿಡಿಸಬೇಕು. ಬಿಡಿಸುವಾಗ ಅದರ ಒಂದು ಮಗ್ಗುಲು ಮಂಕಾಗಿರುವುದು ಕಂಡಿತು. ಮುತ್ತು ಬಲು ಮೆದು; ಬೆವರು, ಸೋಪು, ಪಕ್ಕದ ಬೆರಳಿನ ಉಜ್ಜಾಟ ಎಲ್ಲ ಸೇರಿ ಹೊಳಪು ತಿಂದಿವೆ. ಆ ಮಂಕಿನಲ್ಲಿ ಅಜ್ಜಿಯ ಕೆಲಸದ ಪಾಲೆಷ್ಟೋ ಅಮ್ಮನದೆಷ್ಟೋ. ಅದನ್ನೂ ಬದಲಿಸಬೇಡಿ ಅಂದಾಗ ಅವರು ನಗಲಿಲ್ಲ. ಮಂಕು ಬದಿ ಯಾವ ಕಡೆಗಿತ್ತೆಂದು ಗುರುತು ಮಾಡಿಟ್ಟುಕೊಂಡು, ಮತ್ತೆ ಅದೇ ಕಡೆಗೆ ಕೂರಿಸಿಕೊಟ್ಟರು. ಯಾರೂ ಹೇಳಿರಲಿಲ್ಲ! ಅಳತೆ ಹೆಚ್ಚಿಸಲು ಸೇರಿಸಿದ ತುಂಡು ಹತ್ತಿರದಿಂದ ನೋಡಿದರೆ ಬೇರೆ ಬಣ್ಣ ಕಾಣುತ್ತದೆ. ಕಾಣಲಿ ಬಿಡಿ.

ಅಮ್ಮ ಹಾಕಿಕೊಂಡು, ಕೈ ತಿರುಗಿಸಿ ನೋಡಿ, "ಸ್ವಲ್ಪ ಸಡ್ಲಾಯ್ತು" ಅಂದಳು. ಊತ ಇಳಿದಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಸದ್ಯಕ್ಕೆ ದಾರ ಸುತ್ತಿಕೊಟ್ಟಿದ್ದೇವೆ.

ನೋಡಲು ಬರುತ್ತೇವೆ ಎಂದವರು ದಯವಿಟ್ಟು ಸಂಜೆ ಬನ್ನಿ, ಮಧ್ಯಾಹ್ನ ಮಲಗಲೇಬೇಕೆಂದು ಡಾಕ್ಟರ್ ಹೇಳಿದ್ದಾರೆ. ಉಂಗುರ ತೋರಿಸು ಅಂತ ನೀವೇನೂ ಕೇಳಬೇಕಿಲ್ಲ, ಅವಳೇ ತೋರಿಸುತ್ತಾಳೆ.